ನೋಡಿದ ಹೊತ್ತು

೨೦೨೫ನೇ ಇಸವಿ ಆಗಸ್ಟ್ ಹನ್ನೆರಡು, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಪ್ರೇಮಲತಾ ಮೊಬೈಲಿನಲ್ಲಿ ಹೊತ್ತು ನೋಡಿದ್ದು ಯಾರೋ ಕೇಳಿದ್ದಕ್ಕಲ್ಲ. ಕಣ್ಣಿಗೆ ಏನಾದರೂ ಬಿದ್ದ ಕೂಡಲೇ ಗಡಿಯಾರ ನೋಡುವುದು ತುಮಕೂರಿನಲ್ಲಿ ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಅಂಟಿಕೊಂಡ ಚಾಳಿ. ಮದುವೆಯಾಗಿ, ಇಬ್ಬರು ಮಕ್ಕಳಾಗಿ, ಗುಬ್ಬಿ ತಾಲ್ಲೂಕಿನ ಈ ಶಾಲೆಗೆ ಬಂದು ಹನ್ನೊಂದು ವರ್ಷವಾದರೂ ಅದು ಬಿಟ್ಟಿರಲಿಲ್ಲ. ಏಳನೇ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ ಬೋರ್ಡಿನ ಮೇಲಿನ ಚಿತ್ರಕ್ಕೆ ಹೆಸರು ಬರೆಯಬೇಕಿತ್ತು, ಅವಳು ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ತಾನೇ ಬರೆದಿದ್ದಳು, ಅಂಡಾಶಯ ಎರಡೂ ಒಂದೇ ಅಳತೆಯಲ್ಲಿದ್ದವು. ಸುಶ್ಮಿತಾ ಎದ್ದು ಮುಂದೆ ನಡೆದಳು. ಅವಳ ನೀಲಿ ಸ್ಕರ್ಟಿನ ಹಿಂದೆ ಅಂಗೈಯಷ್ಟು ಒದ್ದೆ ಕಂಡಿತು. ಗರ್ಭಕೋಶ ಎಂದು ಬರೆಯುತ್ತಿದ್ದ ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ, 'ಭ'ದ ಹೊಟ್ಟೆ ಸೀಳುವುದನ್ನು ಮರೆತಿದ್ದಳು. ಪ್ರೇಮಲತಾಗೆ ಆ ಕ್ಷಣ ಆದದ್ದು ಮರುಕವಲ್ಲ. ಪಾಠಕ್ಕೆ ತಕ್ಕ ಉದಾಹರಣೆ ತಾನಾಗಿ ಒದಗಿದಾಗ ಮೇಷ್ಟ್ರುಗಳಿಗೆ ಆಗುವ ಒಂದು ಬಗೆಯ ತೃಪ್ತಿ. ಅದನ್ನು ಆಮೇಲೆ ನೆನಸಿಕೊಂಡಾಗಲೂ ಅವಳಿಗೆ ನಾಚಿಕೆಯಾಗಲಿಲ್ಲ, ಕುತೂಹಲವಷ್ಟೇ ಆಯಿತು.

ಗಂಡುಹುಡುಗರು ಆ ಹೊತ್ತಿಗೆ ಮೈದಾನದಲ್ಲಿ ಪಾರ್ಥೇನಿಯಂ ಕೀಳುತ್ತಿದ್ದರು. ಹೆಡ್ಮಾಸ್ಟರು ಗುರುಸಿದ್ದಯ್ಯ ಅವರನ್ನು ತಾವೇ ಕರೆದುಕೊಂಡು ಹೋಗಿದ್ದರು. ಈ ಪಾಠಕ್ಕೆ ಅವರ ಬಾಯಲ್ಲಿ ಹೆಸರಿರಲಿಲ್ಲ, 'ಆ ಪಾಠ' ಅಷ್ಟೇ. ಆ ಪಾಠ ಮುಗಿಸಿಕೊಳ್ಳಿ ಮೇಡಂ, ಕದ ಹಾಕಿಕೊಳ್ಳಿ ಮೇಡಂ, ಜೋರಾಗಿ ಹೇಳಬೇಡಿ, ಅಡುಗೆಯವರು ಅಲ್ಲೇ ಇರುತ್ತಾರೆ. ಅಡುಗೆಯವರೆಂದರೆ ಇಬ್ಬರೂ ಸೇರಿ ಎಂಟು ಹೆತ್ತ ಹೆಂಗಸರು. ಹುಡುಗರೂ ಕೂರಲಿ ಎಂದು ಅವಳು ಕೇಳಿದ್ದಕ್ಕೆ ಅವರು ಗೋಡೆಯ ಮೇಲಿದ್ದ ದೊಡ್ಡವರ ಫೋಟೋಗಳ ಕಡೆ, ಅವರನ್ನೇ ಒಂದು ಮಾತು ಕೇಳಿ ಎಂಬಂತೆ, ಕಣ್ಣು ತೋರಿಸಿದ್ದರು. ಜುಲೈನಲ್ಲಿ ಯಾವುದೋ ಕಂಪನಿಯವರು ಕಾರಿನಲ್ಲಿ ಬಂದು ಶುಚಿತ್ವದ ಬ್ಯಾನರು ಕಟ್ಟಿ, ಹುಡುಗಿಯರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿ, ಕೈಗೊಂದು ಪ್ಯಾಡಿನ ಪೊಟ್ಟಣ ಕೊಟ್ಟು, ಪೊಟ್ಟಣ ಎದೆಯ ಮಟ್ಟಕ್ಕೆ ಹಿಡಿಸಿ ಫೋಟೋ ತೆಗೆದುಕೊಂಡು ಹೋಗಿದ್ದರು. ನಾಲ್ಕನೇ ತರಗತಿಯವರಿಗೂ ಕೊಟ್ಟರು. ಮರುದಿನ ನಾಲ್ಕನೇ ತರಗತಿಯವರೆಲ್ಲ ಅದರಲ್ಲಿ ಸ್ಲೇಟು ಒರೆಸುತ್ತಿದ್ದರು. ಬಹಳ ಚೆನ್ನಾಗಿ ಒರೆಸುತ್ತದೆ ಮಿಸ್ ಎಂದು ಒಬ್ಬಳು ತೋರಿಸಿಯೂ ತೋರಿಸಿದಳು. ಈ ಊರಿನಲ್ಲಿ ತಾನೊಬ್ಬಳೇ ವಸ್ತುವನ್ನು ವಸ್ತುವೆಂದು ಕರೆಯುವವಳು ಎಂಬ ನಂಬಿಕೆ ಪ್ರೇಮಲತಾಗೆ ಅಂದು ಇನ್ನಷ್ಟು ಗಟ್ಟಿಯಾಯಿತು. ಅದಕ್ಕಾಗಿ ಆಗಸ್ಟಿನ ಪಾಠಕ್ಕೆ ಅವಳು ಎರಡು ಭಾನುವಾರ ಕೂತು ತಯಾರಿ ಮಾಡಿದ್ದಳು. ಮೂರರಿಂದ ಏಳು ದಿನ, ಇದು ಕಾಯಿಲೆಯಲ್ಲ, ಹೆದರಬಾರದು, ಯಾರಿಗೂ ಇದರಿಂದ ಮೈಲಿಗೆಯಾಗುವುದಿಲ್ಲ, ದೇಹಕ್ಕೆ ಪಂಚಾಂಗ ಗೊತ್ತಿಲ್ಲ. ಕೊನೆಯದನ್ನು ಹೇಳುವಾಗ ಹುಡುಗಿಯರು ನಗುತ್ತಾರೆ ಎಂದುಕೊಂಡಿದ್ದಳು. ಯಾರೂ ನಗಲಿಲ್ಲ, ಬರೆದುಕೊಂಡರು.

ಸುಶ್ಮಿತಾಳ ಭುಜ ಹಿಡಿದು ಆಟದ ಸಾಮಾನಿನ ಕೋಣೆಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ ವಿಷಯ ಹೇಳಿದಳು. ಹುಡುಗಿ ನಂಬಲಿಲ್ಲ. ಪಾಠ ಈಗ ತಾನೇ ಆಗಿದ್ದು, ಇಷ್ಟು ಬೇಗ ಹೇಗೆ ಬಂತು ಎಂಬಂತೆ ನೋಡಿದಳು. ಎದ್ದು ನೋಡಿಕೊಳ್ಳಲೂ ಹೆದರಿ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ. ಮೇಷ್ಟ್ರುಗಳದಕ್ಕೆ ನೀರಿದೆ, ಬೀಗವಿದೆ, ಬೀಗದ ಕೈ ಗುರುಸಿದ್ದಯ್ಯನವರ ಪ್ಯಾಂಟಿನ ಜೇಬಿನಲ್ಲಿದೆ, ಗುರುಸಿದ್ದಯ್ಯ ಮೈದಾನದ ಆ ತುದಿಯಲ್ಲಿದ್ದಾರೆ. ಬೀಗದ ಕೈ ಬರುವಷ್ಟರಲ್ಲಿ ಹನ್ನೆರಡು ಕಳೆದಿತ್ತು. ಒಳಗೆ ಹೋದ ಮೇಲೆ, ತನ್ನ ಕಣ್ಣಿನಿಂದಲೇ ನೋಡಿಕೊಂಡ ಮೇಲೆ, ಬಾಗಿಲಿನಾಚೆಯಿಂದ ಸುಶ್ಮಿತಾ "ಹೌದು ಮಿಸ್" ಎಂದು ಮೆಲ್ಲಗೆ ಒಪ್ಪಿಕೊಂಡಳು. ಹುಡುಗಿಯ ತಾಯಿ ಮಂಗಳಗೌರಿ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದಳು, ಅಲ್ಲಿ ಫೋನು ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಫೋನು ಎತ್ತಿದ್ದು ಅಜ್ಜಿ ರಂಗಲಕ್ಷ್ಮಮ್ಮ. ನಿಮ್ಮ ಮೊಮ್ಮಗಳು ದೊಡ್ಡವಳಾಗಿದ್ದಾಳೆ, ಬಂದು ಕರೆದುಕೊಂಡು ಹೋಗಿ ಎಂದರೆ ಸಾಕಿತ್ತು. ಪ್ರೇಮಲತಾ ಅದರ ಜೊತೆಗೆ, ಯಾರೂ ಕೇಳದೆ, "ಹನ್ನೊಂದು ನಲವತ್ತಕ್ಕೆ ನೋಡಿದೆ" ಎಂದೂ ಸೇರಿಸಿದಳು. ಆ ಕಡೆಯಿಂದ ಮುದುಕಿ ಹನ್ನೊಂದು ನಲವತ್ತೇನಾ ಎಂದು ಕೇಳಿದಳು. ಹೌದು ಎಂದಳು ಪ್ರೇಮಲತಾ, ಸುಮಾರು ಎಂಬ ಪದವನ್ನು ಅವಳು ಬಳಸುತ್ತಿರಲಿಲ್ಲ.

ಮರುದಿನ ಹತ್ತಕ್ಕೆ ರಂಗಲಕ್ಷ್ಮಮ್ಮ ಶಾಲೆಯ ಜಗುಲಿಯ ಮೇಲಿದ್ದಳು. ಮಡಿಲಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಒಂದು ರವಿಕೆ ಕಣ, ಎಳ್ಳುಬೆಲ್ಲ ಕುಟ್ಟಿದ ನಾಲ್ಕು ಚಿಗಳಿ ಉಂಡೆ. ಮೊದಲು ನೋಡಿದ ಮುತ್ತೈದೆಗೆ ತಾಂಬೂಲ ಕೊಡುವುದು ಪದ್ಧತಿ. ಪ್ರೇಮಲತಾ ತಟ್ಟೆಯನ್ನು ಬೇಡವೆನ್ನಲಿಲ್ಲ, ಮುಟ್ಟಲೂ ಇಲ್ಲ, ಅಜ್ಜಿಯನ್ನು ಆಫೀಸು ಕೋಣೆಗೆ ಕರೆದು ಮೇಜಿನ ಮೇಲೆ ಇಡಿಸಿದಳು. ಗುರುಸಿದ್ದಯ್ಯ ಎದ್ದು ಹೋಗಬಹುದಿತ್ತು, ಹೋಗದೆ ಹಾಜರಾತಿ ತಿದ್ದುವವರಂತೆ ಬಗ್ಗಿ ಕೂತರು. ಮುದುಕಿ ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ, ಮೇಡಮ್ಮನವರು ತುಮಕೂರಿನ ಶೆಟ್ಟಿಹಳ್ಳಿಯಿಂದ ದಿನಾ ಓಡಾಡುವ ಕಷ್ಟದ ಬಗ್ಗೆ ಮಾತಾಡಿ ವಿಷಯಕ್ಕೆ ಬಂದಳು.

"ಜೋಯಿಸ್ರು ಫೋನ್ನಾಗೇ ನೋಡುದ್ರು ಮೇಡಮ್ನೋರೆ. ಹನ್ನೊಂದು ಐವತ್ತೆರಡ್ರಗಂಟ ಪೂರ್ವಾಭಾದ್ರವಂತೆ, ಅದಾಗಕ್ಕಿಲ್ಲ. ಅಲ್ಲಿಂದಾಚೆಗೆ ಉತ್ತರಾಭಾದ್ರ, ಏನೂ ದೋಸಿಲ್ಲ. ಮಂಗಳ್ವಾರ, ತಿಥಿ, ಅವೆಲ್ಲ ಹೆಂಗೋ ಆಯ್ತದೆ, ನಕ್ಷತ್ರನೇ ಮುಖ್ಯ ಅಂದ್ರು. ನಿಮ್ ಗಡಿಯಾರ ಒಸಿ ಹಿಂದಿತ್ತೇನೋ, ನೆಪ್ ಮಾಡ್ಕಳಿ."

"ಮೊಬೈಲ್ ಅಜ್ಜಿ. ಅದು ಹಿಂದೆ ಮುಂದೆ ಆಗಲ್ಲ."

"ಆಗಲ್ವಾ?"

"ಆಗಲ್ಲ."

ಮುದುಕಿ ತಟ್ಟೆಯಲ್ಲಿದ್ದ ಎಲೆಯ ತೊಟ್ಟನ್ನು ಒಂದೇ ದಿಕ್ಕಿಗೆ ತಿರುಗಿಸಿ ಜೋಡಿಸಿದಳು. ಪೂರ್ವಾಭಾದ್ರವಾದರೆ ಹುಡುಗಿಯನ್ನು ಮನೆಯ ಒಳಗೆ ಕೂರಿಸುವಂತಿಲ್ಲ, ಅದೇ ನಕ್ಷತ್ರ ತಿರುಗಿ ಬರುವವರೆಗೆ, ಅಂದರೆ ಇಪ್ಪತ್ತೇಳು ದಿನ, ತೋಟದ ಪಂಪ್‌ಸೆಟ್ ಮನೆಯಲ್ಲಿ ಇರಿಸಬೇಕು, ಆಮೇಲೆ ಶಾಂತಿ ಮಾಡಿಸಿ, ನೆಂಟರನ್ನು ಕರೆದು ಒಸಗೆ ಮಾಡಬೇಕು ಎಂದು ವಿವರಿಸಿದಳು. ಉತ್ತರಾಭಾದ್ರವಾದರೆ ಐದು ದಿನಕ್ಕೆ ನೀರು ಹಾಕಿ ಮುಂದಿನ ವಾರ ಶಾಲೆಗೆ ಕಳಿಸಬಹುದು. ಅವಳ ದನಿಯಲ್ಲಿ ಕೇಡಿರಲಿಲ್ಲ. ಅವಳಿಗೂ ಹುಡುಗಿಯನ್ನು ತೋಟಕ್ಕೆ ಕಳಿಸುವ ಮನಸ್ಸಿಲ್ಲ, ಒಂದು ದಾರಿ ತೆರೆದುಕೊಡಿ ಎಂದು ಕೇಳಲು ಬಂದಿದ್ದಾಳೆ ಎಂಬುದು ಪ್ರೇಮಲತಾಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾದದ್ದೇ ಅವಳನ್ನು ಕೆರಳಿಸಿತು. ನಂಬುವುದಾದರೆ ನೆಟ್ಟಗೆ ನಂಬಬೇಕು, ಇಲ್ಲವಾದರೆ ಬಿಡಬೇಕು. ನಕ್ಷತ್ರಕ್ಕೂ ಹೆದರಿ, ನಕ್ಷತ್ರದ ಕಣ್ಣಿಗೂ ಮಣ್ಣೆರಚುವ ಈ ಜಾಣತನ ಅವಳಿಗೆ ಮೂಢನಂಬಿಕೆಗಿಂತ ಹೇಸಿಗೆಯದಾಗಿ ಕಂಡಿತು.

"ಹೋಗ್ಲಿ, ಕೂಸು ತಾನಾಗಿ ನೋಡ್ಕಂಡಿದ್ದು ಯಾವಾಗ?" ಎಂದಳು ರಂಗಲಕ್ಷ್ಮಮ್ಮ. "ಅದ್ರ ಕಣ್ಗೆ ಬಿದ್ದಿದ್ದೇ ಹೊತ್ತು ಅಂತ್ಲೂ ಹೇಳ್ತಾರೆ ನಮ್ ಕಡೆ. ಅದ್ನ ಕೇಳುದ್ರೆ, ಮಿಸ್ ಹೇಳಿದ್ದೇ ಸರಿ ಅಂತದೆ, ಬೇರೆ ಬಾಯೇ ಬಿಡಕ್ಕಿಲ್ಲ. ನೀವೇ ಅಲ್ವ ಜೊತೆಗಿದ್ದೋರು, ನೀವೇ ಹೇಳಿ."

ಹನ್ನೆರಡು ಕಳೆದಿತ್ತು. ಬೀಗದ ಕೈ ಬಂದದ್ದು, ಬಾಗಿಲು ಹಾಕಿಕೊಂಡದ್ದು, ಹೌದು ಮಿಸ್ ಎಂದದ್ದು, ಎಲ್ಲ ಹನ್ನೆರಡರ ಮೇಲೆ. ಅದನ್ನು ಹೇಳಲು ಸುಳ್ಳಿನ ಅಗತ್ಯವಿರಲಿಲ್ಲ. ಬಗ್ಗಿ ಕೂತಿದ್ದ ಗುರುಸಿದ್ದಯ್ಯ ತಲೆಯೆತ್ತಿದರು, ಬೀಗದ ಕೈ ಕೊಟ್ಟ ಹೊತ್ತು ಅವರಿಗೂ ಗೊತ್ತಿತ್ತು. ಆ ಮುಖದಲ್ಲಿ ಸಣ್ಣ ಉತ್ಸಾಹವಿತ್ತು, ಮೇಡಂ ಈಗ ನಮ್ಮ ಹಾಗೆ ಆಗುತ್ತಾರೆ ಎಂಬ ಉತ್ಸಾಹ. ಈ ಮನುಷ್ಯ ಬಾರದ ಮಕ್ಕಳಿಗೆ ಹಾಜರಿ ಹಾಕುತ್ತಾನೆ, ಕುದಿಯದ ಹಾಲನ್ನು ಕುದಿಸಿದೆ ಎಂದು ಬರೆಯುತ್ತಾನೆ. ಅವನ ಎದುರು ತಾನು ಬಾಯಿ ತೆರೆದು, ಹುಡುಗಿ ನೋಡಿಕೊಂಡದ್ದು ಹನ್ನೆರಡರ ಮೇಲೆ ಎಂದರೆ, ಯಾವ ನಕ್ಷತ್ರ ಯಾವ ನಿಮಿಷಕ್ಕೆ ಮುಗಿಯಿತು ಎಂಬ ಲೆಕ್ಕಕ್ಕೆ ವಿಜ್ಞಾನದ ಟೀಚರೇ ಸಾಕ್ಷಿ ಹೇಳಿದಂತಾಗುತ್ತದೆ. ನಾಳೆ ಊರೆಲ್ಲ ಅದನ್ನೇ ಆಡಿಕೊಳ್ಳುತ್ತದೆ. ದೇಹಕ್ಕೆ ಪಂಚಾಂಗ ಗೊತ್ತಿಲ್ಲ ಎಂದವರು ಪಂಚಾಂಗಕ್ಕೆ ತಕ್ಕ ಹಾಗೆ ಹೊತ್ತು ಕೊಟ್ಟರು ಎಂದು.

"ನಾನು ನೋಡಿದ್ದು ಹನ್ನೊಂದು ನಲವತ್ತಕ್ಕೆ ಅಜ್ಜಿ," ಎಂದಳು. "ನಂಗೆ ಗೊತ್ತಿರೋದು ಅಷ್ಟೇ."

ರಂಗಲಕ್ಷ್ಮಮ್ಮ ಎದ್ದು ಸೆರಗು ಕೊಡವಿ, "ಆಯ್ತು ಬುಡಿ. ಓದ್ದೋರು ಹೇಳಿದ್ಮೇಲೆ ಅದ್ಕಿನ್ನೇನೈತೆ," ಎಂದು ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಟಳು. ಅವಳು ಗೇಟು ದಾಟುವುದನ್ನೇ ಕಾದಿದ್ದ ಗುರುಸಿದ್ದಯ್ಯ ಒಂದು ಚಿಗಳಿ ಉಂಡೆ ಬಾಯಿಗೆ ಹಾಕಿಕೊಂಡು, ಹನ್ನೆರಡಾಗಿತ್ತು ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಮೇಡಂ ಎಂದು ಕೇಳಿದರು. ಎಳ್ಳು ಅವರ ಹಲ್ಲಿಗೆ ಅಂಟಿಕೊಂಡಿತ್ತು. ಅದಕ್ಕೆ ಉತ್ತರ ಕೊಡುವಷ್ಟು ದೊಡ್ಡ ಮನುಷ್ಯ ಅವನಲ್ಲ ಎಂದುಕೊಂಡು ಪ್ರೇಮಲತಾ ಆರನೇ ತರಗತಿಗೆ ನಡೆದಳು.

ಸಂಜೆಯ ಬಸ್ಸಿನಲ್ಲಿ ಗುಬ್ಬಿ ದಾಟುವವರೆಗೆ ನಿಂತೇ ಬಂದಳು. ಕಂಬಿ ಹಿಡಿದ ಕೈಗೆ ಕಾಲೇಜು ಲ್ಯಾಬಿನಲ್ಲಿ ದ್ರಾವಣ ಅಳೆಯುವ ಬ್ಯುರೆಟ್ಟಿನ ತಣ್ಣನೆಯ ಗಾಜು ನೆನಪಾಯಿತು. ಕೊನೆಯ ವರ್ಷದ ಪ್ರಾಕ್ಟಿಕಲ್ಲು, ಗುಲಾಬಿ ಬಣ್ಣ ಬಂದದ್ದು ಇಪ್ಪತ್ಮೂರು ಪಾಯಿಂಟ್ ನಾಲ್ಕಕ್ಕೆ. ಇಪ್ಪತ್ತೆರಡು ಬರಬೇಕು ಎಂದು ಪಕ್ಕದವಳು ಪಿಸುಗುಟ್ಟಿದಳು, ಇಡೀ ಲ್ಯಾಬು ಇಪ್ಪತ್ತೆರಡು ಬರೆಯಿತು. ಇವಳು ಕಂಡದ್ದನ್ನೇ ಬರೆದು ಅಂಕ ಕಳೆದುಕೊಂಡಳು. ಅಂದಿನಿಂದ ಆ ನಷ್ಟವನ್ನು ಒಡವೆಯ ಹಾಗೆ ಧರಿಸಿಕೊಂಡು ಬಂದಿದ್ದಾಳೆ, ಗಂಡನಿಗೆ, ತಮ್ಮನಿಗೆ, ತರಬೇತಿಗೆ ಬಂದ ಟೀಚರುಗಳಿಗೆ ಎಷ್ಟು ಸಲ ಹೇಳಿದ್ದಾಳೋ. ಪಿಪೆಟ್ಟನ್ನು ಸರಿಯಾಗಿ ತೊಳೆದಿರಲಿಲ್ಲವೇನೋ ಎಂದು ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ, ಇವತ್ತು ಯಾಕೋ ಹೊಳೆಯಿತು. ಹೊಳೆದದ್ದನ್ನು ಕಿಟಕಿಯಾಚೆ ಬಿಟ್ಟಳು. ಕುಣಿಗಲ್ಲಿನ ತವರುಮನೆಯಲ್ಲಿ ತಾನು ದೊಡ್ಡವಳಾದಾಗ ಗಡಿಯಾರವೇ ಇರಲಿಲ್ಲ. ಯಡಿಯೂರಿನ ಬಸ್ಸು ಹೋದ ಹೊತ್ತಿಗೆ ಎಂದು ಅಮ್ಮ ಜೋಯಿಸರಿಗೆ ಹೇಳಿದಳು. ಜೋಯಿಸರು ಮುಖ ಸಿಂಡರಿಸಿದಾಗ, ಬಸ್ಸು ಅವತ್ತು ತಡ ಮಾಡಿ ಬಂತು ಸ್ವಾಮಿ, ಟೈರು ಪಂಕ್ಚರಾಗಿತ್ತು ಎಂದಳು. ಬಸ್ಸು ತಡವಾಗಿರಲಿಲ್ಲ. ಹಸಿ ತೆಂಗಿನ ಗರಿಯ ಗುಡ್ಲಿನೊಳಗೆ ಕೂತು ಅದನ್ನು ಕೇಳಿಸಿಕೊಂಡ ಪ್ರೇಮಲತಾ ಅಮ್ಮನನ್ನು ಸುಳ್ಳಿ ಎಂದುಕೊಂಡಿದ್ದಳು, ಹತ್ತನೇ ದಿನಕ್ಕೆ ಚೀಲ ಹೆಗಲಿಗೇರಿಸಿ ಶಾಲೆಗೂ ಹೋಗಿದ್ದಳು. ಅವೆರಡನ್ನೂ ಒಂದರ ಪಕ್ಕ ಒಂದನ್ನು ಇಟ್ಟು ನೋಡಿದವಳಲ್ಲ. ಮನೆಯಲ್ಲಿ ಗಂಡ ಲಕ್ಷ್ಮೀಕಾಂತ್ ಎಲ್ಲ ಕೇಳಿ, ಚಪಾತಿ ಮುರಿಯುತ್ತಾ, "ನಮ್ ಫ್ಯಾಕ್ಟ್ರೀಲಿ ಸ್ಟೀಲಿಗೂ ಒಂದ್ ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಬಿಡ್ತೀವಿ ಕಣೇ. ನೀನು ಹನ್ನೆರಡು ವರ್ಷದ ಮಗೂಗೂ ಬಿಡಲ್ವಲ್ಲ," ಎಂದ. ಅಳತೆ ಯಂತ್ರದ ಮುಂದೆ ದಿನವಿಡೀ ಕೂತು ಕತ್ತು ನೋಯಿಸಿಕೊಳ್ಳುವವನಿಗೆ ತತ್ವ ಬೇರೆ ಎಂದು ಅವಳು ಮಗನ ಹೋಂವರ್ಕಿನ ಕಡೆ ತಿರುಗಿದಳು.

ಸುಶ್ಮಿತಾಳ ಜಾಗ ಖಾಲಿಯಾಗಿತ್ತು. ಪಕ್ಕದವಳು ಅಲ್ಲಿ ಚೀಲ ಇಟ್ಟುಕೊಳ್ಳತೊಡಗಿದಳು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಪ್ರೇಮಲತಾ ಒಂದು ಮಧ್ಯಾಹ್ನ ಎರಡು ಪೊಟ್ಟಣ ಪ್ಯಾಡು ಕೊಂಡುಕೊಂಡು ತೋಟಕ್ಕೆ ಹೋದಳು. ಹೋದದ್ದು ಮರುಕದಿಂದಲ್ಲ, ಎಂತಹ ಶತಮಾನದಲ್ಲಿದ್ದೇವೆ ಎಂದು ನೋಡಲು ಎಂದು ತನಗೆ ತಾನೇ ಹೇಳಿಕೊಂಡಳು. ಪಂಪ್‌ಸೆಟ್ ಮನೆ ಇಟ್ಟಿಗೆಯದು, ಶೀಟಿನ ಮಾಡು, ಒಳಗೆ ಸ್ಟಾರ್ಟರ್ ಪೆಟ್ಟಿಗೆಯ ಕೆಳಗೆ ಒಂದು ಚಾಪೆ, ಒಂದು ಕಂಬಳಿ, ಹಳೆಯ ಗೋಣಿ. ಸುಶ್ಮಿತಾ ಹೊಸಿಲಿನ ಮೇಲೆ ಮೊಣಕಾಲು ಅಪ್ಪಿ ಕೂತಿದ್ದಳು. ಎದ್ದು ನಿಂತು ನಮಸ್ತೆ ಮಿಸ್ ಎಂದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಮತ್ತೆ ಕೂತಳು. ತಾಯಿ ರಾತ್ರಿ ಎಂಟಕ್ಕೆ ಬಂದು, ಊಟದ ತಟ್ಟೆ ದೂರದಲ್ಲಿಟ್ಟು, ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತುತ್ತಾಳೆ ಎಂದು ರಂಗಲಕ್ಷ್ಮಮ್ಮ ತೆಂಗಿನ ಬುಡದಲ್ಲಿ ನಿಂತು ಹೇಳಿದಳು. ಅವಳು ಅಲ್ಲಿಂದ ಕದಲಲಿಲ್ಲ, ಮೇಡಮ್ಮನವರೂ ಅಲ್ಲಿಂದ ಮುಂದೆ ಹೋಗುವಂತಿರಲಿಲ್ಲ. ಬೋರ್ಡಿನ ಮೇಲೆ ಎಲ್ಲಕ್ಕೂ ಹೆಸರಿಟ್ಟಿದ್ದ ಪ್ರೇಮಲತಾಗೆ ಮುದುಕಿಯ ಮುಂದೆ ಕೇಳಬೇಕಾದ್ದಕ್ಕೆ ಒಂದು ಮಾತೂ ಸಿಗಲಿಲ್ಲ. "ಎಲ್ಲಾ ಸರಿಯಾಗಿದೆಯಾ?" ಎಂದಳು. "ಹ್ಞೂಂ ಮಿಸ್." "ಓದ್ಕೋತಿದೀಯಾ?" "ಹ್ಞೂಂ ಮಿಸ್." ಪೊಟ್ಟಣಗಳನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಎತ್ತಿಕೊಳ್ಳಲು ಚಾಚಿದ ಅಂಗೈ ಸುಣ್ಣದ ಗೋಡೆಯ ಬಣ್ಣಕ್ಕಿತ್ತು. ತೋಟದ ನೆರಳಿಗೆ ಎಲ್ಲವೂ ಹಾಗೆ ಕಾಣುತ್ತದೆ ಎಂದುಕೊಂಡಳು. ವಾಪಸು ಬರುವಾಗ ಅವಳ ತಲೆಯಲ್ಲಿ ಒಂದು ಲೇಖನ ತಯಾರಾಗುತ್ತಿತ್ತು, ಶಿಕ್ಷಕರ ಪತ್ರಿಕೆಗೆ, ಮೊದಲ ಸಾಲೂ ಹೊಳೆದಿತ್ತು. ಆ ಸಾಲಿನಲ್ಲಿ ಪಂಪ್‌ಸೆಟ್ ಮನೆಯಿತ್ತು, ಜೋಯಿಸರಿದ್ದರು, ಅಜ್ಜಿಯಿದ್ದಳು. ಹನ್ನೆರಡು ಗಂಟೆಯ ಮೇಲೆ ಬಂದ ಬೀಗದ ಕೈ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ನಕ್ಷತ್ರ ತಿರುಗಿ ಬಂತು. ಶಾಂತಿಯಾಯಿತು, ಒಸಗೆಯಾಯಿತು. ಊರ ಬಸ್‌ಸ್ಟಾಪಿನಲ್ಲಿ ಸುಶ್ಮಿತಾಳ ಫ್ಲೆಕ್ಸು ಕಟ್ಟಿದರು. ಬಾಡಿಗೆಯ ಡಾಬು, ಬಾಡಿಗೆಯ ಜಡೆ, ಮುಖಕ್ಕೆ ದಪ್ಪ ಪೌಡರು, ಸುತ್ತ ಶುಭ ಕೋರುವ ಸೋದರಮಾವಂದಿರ ಮೀಸೆಗಳು. ಇಷ್ಟು ದಿನ ಯಾರೂ ಮುಟ್ಟದ ಹುಡುಗಿಯನ್ನು ಈಗ ಗುಬ್ಬಿಗೆ ಹೋಗುವ ಬಸ್ಸಿನವರೆಲ್ಲ ಕಿಟಕಿಯಿಂದ ಬಗ್ಗಿ ನೋಡಿದರು. ಮುಂದಿನ ಸೋಮವಾರ ಅವಳು ಶಾಲೆಗೆ ಬಂದಳು. ಪ್ರಾರ್ಥನೆಯ ನಡುವೆ ಕೂತುಬಿಟ್ಟಳು. ಉಪವಾಸವಿದ್ದಳೇನೋ ಎಂದರು ಗುರುಸಿದ್ದಯ್ಯ. ಪ್ರೇಮಲತಾ ಅವಳ ಕೆಳಗಿನ ರೆಪ್ಪೆ ಎಳೆದು ನೋಡಿದಳು. ಕೆಂಪಿರಬೇಕಾದಲ್ಲಿ ಕೆಂಪಿರಲಿಲ್ಲ. ಆಟೋ ಕರೆಸಿ, ಹೆಡ್ಮಾಸ್ಟರ ಒಪ್ಪಿಗೆಗೂ ಕಾಯದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ನರ್ಸು ಗಂಗಾಂಬಿಕೆ ಬೆರಳಿಗೆ ಸೂಜಿ ಚುಚ್ಚಿ ಹಿಂಡಿದಳು, ಎರಡು ಸಲ ಹಿಂಡಬೇಕಾಯಿತು. ಎಷ್ಟು ದಿನ ಹೋಯಿತು ಮಗಳೇ ಎಂದು ಕೇಳಿದಳು, ಊಟ ಆಯಿತೇ ಎಂದು ಕೇಳುವ ದನಿಯಲ್ಲಿ. ಪ್ರೇಮಲತಾ ತೋಟದಲ್ಲಿ ಕೇಳಲಾರದೆ ಹೋದ ಪ್ರಶ್ನೆ ಅಷ್ಟು ಚಿಕ್ಕದಾಗಿತ್ತು.

"ಮೊನ್ನೆ ನಿಲ್ತು," ಎಂದಳು ಸುಶ್ಮಿತಾ. "ಅಲ್ಲೀಗಂಟ ಹೋಗ್ತಾನೇ ಇತ್ತು."

"ಅವತ್ತಿಂದಾನಾ?" ಎಂದಳು ಪ್ರೇಮಲತಾ. "ನಾನು ಬಂದಾಗ್ಲೂ? ಯಾಕೆ ಹೇಳ್ಲಿಲ್ಲ?"

ಹುಡುಗಿ ಬೆರಳಿಗೆ ಒತ್ತಿದ ಹತ್ತಿಯನ್ನೇ ನೋಡುತ್ತಾ ಸ್ವಲ್ಪ ಯೋಚಿಸಿದಳು. ಪಾಠದಲ್ಲಿ ಪ್ರಶ್ನೆ ಕೇಳಿದಾಗ ಯೋಚಿಸುವ ಹಾಗೆಯೇ, ತಪ್ಪು ಹೇಳಬಾರದೆಂದು.

"ಏಳು ದಿನ ಅಂದಿದ್ರಲ್ಲ ಮಿಸ್, ಅದು ಒಳ್ಳೆ ನಕ್ಷತ್ರದೋರಿಗೆ ಅನ್ಕೊಂಡೆ. ನಂದು ನಕ್ಷತ್ರ ತಿರುಗಿ ಬರೋವರ್ಗೂ ಇರುತ್ತೇನೋ ಅಂತ. ಹೆದರಬಾರದು ಅಂತ್ಲೂ ನೀವೇ ಹೇಳಿದ್ರಿ. ನಾನು ಹೆದರ್ಲಿಲ್ಲ."

ಗಂಗಾಂಬಿಕೆ ಪ್ರೇಮಲತಾಳ ಕಡೆ ತಿರುಗಲಿಲ್ಲ. ಡಾಕ್ಟರಿಗೆ ಕೇಳುವಂತೆ, ತುಮಕೂರಿಗೆ ಕಳಿಸಬೇಕು, ರಕ್ತ ಹಾಕಿಸಬೇಕು ಎಂದು ಒಳಗಿನ ಕೋಣೆಗೆ ಕೂಗಿ ಹೇಳಿ, ಎಷ್ಟಿದೆ ಎಂದು ಒಳಗಿನಿಂದ ಕೇಳಿದ್ದಕ್ಕೆ ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಬೆಳಕಿಗೆ ಹಿಡಿದು ಓದಿದಳು. ಹಿಮೋಗ್ಲೋಬಿನ್ ಐದು ಪಾಯಿಂಟ್ ಎಂಟು ಗ್ರಾಂ.